ಕೆಂಪು ಗುಂಡಿಗಳ ಬೆಲೆಪಟ್ಟಿ

ನನ್ನ ಹೆಂಡತಿಗೆ ಕಾಯಿಲೆ ಶುರುವಾದದ್ದು ನಮ್ಮ ಮದುವೆಯಾದ ಮೂರನೆಯ ವರ್ಷ, ಎಂಬತ್ತರ ದಶಕದ ನಡುಭಾಗದಲ್ಲಿ. ನಾನು ಆಗ ಸರ್ಕಾರಿ ಬಸ್ಸಿನ ಕಂಡಕ್ಟರ್. ಸಂಜೆ ನಿಪ್ಪಾಣಿಯಿಂದ ಹೊರಟು ಚಿಕ್ಕೋಡಿ, ಅಂಕಲಿ, ಕಾಗವಾಡ ದಾಟಿ ಅಥಣಿ ಮುಟ್ಟುವ ಗಾಡಿ ನನ್ನದು. ಅಥಣಿಯ ಆಚೆ ಕೊಕಟನೂರಿನಲ್ಲಿ ರಾತ್ರಿ ವಸ್ತಿ ಮಾಡಿ ಮರುದಿನ ಮಧ್ಯಾಹ್ನ ನಿಪ್ಪಾಣಿಗೆ ವಾಪಸ್ಸು. ಹೀಗಾಗಿ ಒಂದು ದಿನ ಬಿಟ್ಟು ಒಂದು ದಿನ ಮನೆಯಲ್ಲಿರುತ್ತಿದ್ದೆ. ತಂಬಾಕಿನ ವಖಾರಗಳ ಹಿಂದಿನ ಓಣಿಯಲ್ಲಿ ಎರಡು ಖೋಲಿಯ ಬಾಡಿಗೆ ಮನೆ. ಒಂದೇ ಉದ್ದನೆಯ ಮಾಡಿನ ಕೆಳಗೆ ಆರು ಸಂಸಾರ. ಓಣಿಯ ತುದಿಯಲ್ಲಿ ಎಲ್ಲರಿಗೂ ಸೇರಿ ಒಂದೇ ನಳ.

ಅವಳು ಮೊದಲು ಸ್ನಾನ ಬಿಟ್ಟಳು. ಕೇಳಿದರೆ, "ನಳದಾಗ ಮಂದಿ ಮಾತಾಡಾಕತ್ತಾರ. ನೀರು ಮೈಮ್ಯಾಲ ಬಿದ್ರ ಅವರ ಮಾತು ಒಳಗ ಇಳೀತಾವ" ಅನ್ನುತ್ತಿದ್ದಳು. ಆಮೇಲೆ ತಲೆ ಬಾಚುವುದು ಬಿಟ್ಟಳು. ನಾನು ಮಾಡಿದ ಅನ್ನ ಮುಟ್ಟುತ್ತಿರಲಿಲ್ಲ. ಗೋಡೆಗೆ ಮುಖ ಮಾಡಿ ಮೂಲೆಯಲ್ಲಿ ಕೂತುಬಿಟ್ಟರೆ ಸಂಜೆಯವರೆಗೂ ಅಲ್ಲೇ. ನಾನು ಬೇಡಿಕೊಂಡೆ, ಬೈದೆ, ಒಂದು ಸಲ ಕೈಹಿಡಿದು ಬಚ್ಚಲಿಗೆ ಎಳೆದುಕೊಂಡೂ ಹೋದೆ. ಅವಳು ಚೀರಿದ ಚೀರಿಗೆ ಆರೂ ಮನೆಯವರು ಹೊರಗೆ ಬಂದರು. ಊರಿಂದ ನನ್ನ ಅವ್ವ ಬಂದು ಹರಕೆ ಹೊತ್ತು ಹೋದಳು. ಕೊನೆಗೆ ಡ್ರೈವರನೊಬ್ಬ ಹೇಳಿದ ಮೇಲೆ ಮಿರಜದ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಅಲ್ಲಿನ ಡಾಕ್ಟರು ಒಬ್ಬ ಹೆಂಗಸು, ವಯಸ್ಸಿನಲ್ಲಿ ನನ್ನ ಅಕ್ಕನಷ್ಟು. ಎಲ್ಲರೂ ಡಾಕ್ಟರ್‌ಬಾಯಿ ಅನ್ನುತ್ತಿದ್ದರು. ಬೇನೆಯ ಹೆಸರು ಸ್ಕಿಜೋಫ್ರೇನಿಯಾ ಎಂದು ಚೀಟಿಯ ಮೇಲೆ ಬರೆದುಕೊಟ್ಟರು. "ಗುಳಗಿ ಭಾಳ ವರ್ಷ ನುಂಗಬೇಕಾಕ್ಕೈತಿ. ಬರೇ ಗುಳಗಿಯಿಂದ ಮನಿಶ್ಯಾ ಎದ್ದು ಕುಂದ್ರೂದುಲ್ಲ, ಅದಕ್ಕ ನಾವೂ ಏನಾರ ಮಾಡಬೇಕು" ಅಂದರು. ಆರು ವಾರ ಅಲ್ಲೇ ಇಟ್ಟುಕೊಂಡರು.

ಎರಡನೆಯ ವಾರ ನೋಡಲು ಹೋದಾಗ ನನಗೆ ಗುರುತೇ ಹತ್ತಲಿಲ್ಲ. ಸ್ನಾನ ಮಾಡಿ, ಎಣ್ಣೆ ಹಚ್ಚಿ ಜಡೆ ಹಾಕಿಕೊಂಡು ಬೆಂಚಿನ ಮೇಲೆ ಕೂತಿದ್ದಳು. ಮಡಿಲಲ್ಲಿ ಪ್ಲಾಸ್ಟಿಕ್ಕಿನ ನೀಲಿ ಬಿಲ್ಲೆಗಳು. "ಏಳು ಅದಾವು" ಅಂದಳು. ಅಷ್ಟೇ. ನೀವು ಹೇಗಿದ್ದೀರಿ, ಊಟಕ್ಕೆ ಏನು ಮಾಡಿಕೊಳ್ಳುತ್ತೀರಿ, ಒಂದೂ ಕೇಳಲಿಲ್ಲ.

ಆ ವಾರ್ಡಿನ ಪದ್ಧತಿಯನ್ನು ನರ್ಸ್ ವಿವರಿಸಿದರು. ಸ್ನಾನ ಮಾಡಿದರೆ ಒಂದು ಬಿಲ್ಲೆ, ಹಾಸಿಗೆ ಮಡಚಿದರೆ ಒಂದು, ಇನ್ನೊಬ್ಬರ ಜೊತೆ ಕೂತು ಉಂಡರೆ ಒಂದು. ಬಿಲ್ಲೆ ಕೂಡಿಸಿಕೊಂಡು ಮಧ್ಯಾಹ್ನ ಒಂದು ಕಿಟಕಿಗೆ ಹೋದರೆ ಬಿಸ್ಕೀಟು, ರಿಬ್ಬನ್ನು, ಅರ್ಧ ತಾಸು ರೇಡಿಯೋ, ಹೊರಗೆ ಗಿಡಗಳ ನಡುವೆ ಒಂದು ಸುತ್ತು, ಏನು ಬೇಕೋ ಅದು. ಊಟಕ್ಕೆ, ಹಾಸಿಗೆಗೆ ಮಾತ್ರ ಬಿಲ್ಲೆ ಬೇಡ. ಅವು ಪೇಷಂಟಿನ ಹಕ್ಕು, ಅವನ್ನು ತಡೆಯುವಂತಿಲ್ಲ.

ಗಂಡನಾದವನು ಹಿಗ್ಗಬೇಕಾದ ಹೊತ್ತು. ನನಗೆ ಹಿಗ್ಗಿನ ಜೊತೆ ಇನ್ನೊಂದು ಹುಟ್ಟಿತು. ನಾಲ್ಕು ತಿಂಗಳು ಕೈಮುಗಿದು ಬೇಡಿಕೊಂಡರೂ ಆಗದ್ದು ಪೈಸೆ ಬಾಳದ ಒಂದು ಬಿಲ್ಲೆಯಿಂದ ಆಗಿತ್ತು. ವಾಪಸ್ಸು ಬರುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ವಿಚಾರ. ಪ್ಲಾಸ್ಟಿಕ್ಕಿನ ಮೇಲೆ ಹೊಟ್ಟೆಕಿಚ್ಚು ಪಟ್ಟೆ ಅಂದರೆ ಯಾರೂ ನಂಬಲಿಕ್ಕಿಲ್ಲ. ಆದರೆ ಪಟ್ಟದ್ದು ನಿಜ.

ಮನೆಗೆ ಕಳಿಸುವಾಗ ಡಾಕ್ಟರ್‌ಬಾಯಿ ನನ್ನನ್ನು ಎದುರಿಗೆ ಕೂಡಿಸಿಕೊಂಡು, ಇದನ್ನೇ ಮನೆಯಲ್ಲೂ ಮುಂದುವರಿಸಬೇಕೆಂದರು. ಏನು ಬೇಕು ಅಂತ ಅವಳನ್ನೇ ಕೇಳಿ ಪಟ್ಟಿ ಬರೆಯಬೇಕು. ಕೆಲಸ ಮಾಡಿದ ಕೂಡಲೇ ಕೊಡಬೇಕು, ಕೊಡುವಾಗ ಒಂದು ಒಳ್ಳೆಯ ಮಾತು ಆಡಬೇಕು. ಮಾಡದಿದ್ದರೆ ಬೈಯಬಾರದು. "ಮತ್ತ ಕೊಟ್ಟಿದ್ದನ್ನ ಕಸಗೊಳ್ಳಬ್ಯಾಡ್ರಿ, ಮಾತು ಬದಲಾಸಬ್ಯಾಡ್ರಿ. ಆಕಿಗೆ ನಂಬಿಕಿ ಹೋದ್ರ ಮುಗೀತು" ಅಂದರು. ನಾನು ದಿನ ಬಿಟ್ಟು ದಿನ ಮನೆಯಲ್ಲಿರುವುದಿಲ್ಲ ಅಂದೆ. ಹಾಗಾದರೆ ನಂಬಿಗಸ್ತರು ಇನ್ನೊಬ್ಬರನ್ನು ನೋಡಿಕೊಳ್ಳಿ ಅಂದರು.

ಆ ಇನ್ನೊಬ್ಬರು ಪಕ್ಕದ ಮನೆಯ ಮಾವಶಿ. ಮಾವಶಿ ಅಂದರೆ ಚಿಕ್ಕಮ್ಮ, ಓಣಿಯವರೆಲ್ಲ ಹಾಗೇ ಕರೆಯುತ್ತಿದ್ದರು. ಮರಾಠಿ ಮನೆಮಾತಿನ ವಿಧವೆ, ಐವತ್ತೈದರ ಆಸುಪಾಸು, ಹಗಲೆಲ್ಲ ಬೀಡಿ ಕಟ್ಟುತ್ತಿದ್ದಳು. ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ನಾನಿಲ್ಲದ ದಿನ ಹೆಂಡತಿಗೆ ಗುಂಡಿ ಕೊಡುತ್ತೀರಾ ಎಂದು ಸಂಕೋಚದಿಂದ ಕೇಳಿದಾಗ, ತಂಬಾಕಿನ ಮೊರದಿಂದ ಕಣ್ಣೆತ್ತದೆ, "ಅದಕ್ಕೇನ್ ತಮ್ಮಾ, ಗುಂಡಿ ಕೊಡೂದ ಒಂದು ದೊಡ್ಡ ಕೆಲಸ ಏನು?" ಅಂದಳು.

ದರ್ಜಿಯವನ ಹತ್ತಿರ ಕೋಟಿಗೆ ಹಚ್ಚುವ ದೊಡ್ಡ ಕೆಂಪು ಗುಂಡಿಗಳನ್ನು ತಂದಿದ್ದೆ. ಬಿಲ್ಲೆಯ ಬದಲು ಅವು. ಚಹಾಪುಡಿಯ ಖಾಲಿ ಡಬ್ಬಿ ಹೆಂಡತಿಗೆ ಕೊಟ್ಟೆ. ಒಂದು ರಟ್ಟಿನ ಮೇಲೆ ಪಟ್ಟಿ ಬರೆದು ಗೋಡೆಗೆ ಹೊಡೆದೆ. ಸ್ನಾನಕ್ಕೆ ಎರಡು ಗುಂಡಿ, ಪ್ರತಿ ಹೊತ್ತಿನ ಗುಳಿಗೆಗೆ ಒಂದು, ಜಡೆಗೆ ಒಂದು. ಅದರ ಕೆಳಗೆ, ಗುಂಡಿ ಕೊಟ್ಟು ಪಡೆಯುವಂಥವು. ಮೂಲೆ ಹೋಟೆಲಿನ ಭಜಿ ಮತ್ತು ಚಹಾ ನಾಲ್ಕು ಗುಂಡಿ, ಬಳೆ ಆರು, ಸಿನೆಮಾ ಹದಿನೈದು. ಇನ್ನೇನು ಬೇಕು ಅಂತ ಕೇಳಿದಾಗ ಅವಳು, "ಮಾವಶಿ ಮನ್ಯಾಗ ಅರ್ಧ ತಾಸು" ಅಂದಳು. ಮೂರು ಗುಂಡಿ ಎಂದು ಬರೆದೆ. ಕಟ್ಟಕಡೆಗೆ ನಾನೇ ಒಂದು ಸೇರಿಸಿದೆ: ನನ್ನ ಬಸ್ಸಿನಲ್ಲಿ, ನನ್ನ ಪಕ್ಕದ ಸೀಟಿನಲ್ಲಿ, ಅಂಕಲಿಯ ಹೊಳೆಯವರೆಗೆ ಹೋಗಿ ಬರುವುದು. ಹತ್ತು ಗುಂಡಿ. ಮದುವೆಯಾದ ಹೊಸದರಲ್ಲಿ ಹಾಗೆ ಹೋಗಿದ್ದೆವು. ಸೇತುವೆಯ ಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ ನೀರು ನೋಡಿದ್ದಳು.

ಪದ್ಧತಿ ನಡೆಯಿತು, ಚೆನ್ನಾಗಿಯೇ ನಡೆಯಿತು. ಆದರೆ ನಾನಿಲ್ಲದ ದಿನಗಳಲ್ಲಿ. ಮಧ್ಯಾಹ್ನ ಡ್ಯೂಟಿ ಮುಗಿಸಿ ಬಂದರೆ ಅವಳ ಕೂದಲು ಇನ್ನೂ ಹಸಿ, ಡಬ್ಬಿಯಲ್ಲಿ ಹೊಸ ಗುಂಡಿಗಳು. ಮರುದಿನ ನಾನು ಮನೆಯಲ್ಲಿ. ನೀರು ಕಾಸಿಟ್ಟು, ಟಾವೆಲ್ ಕೈಯಲ್ಲಿ ಹಿಡಿದು ನಿಂತರೂ ಅವಳು ಏಳುತ್ತಿರಲಿಲ್ಲ. ಒಂದು ದಿನ ಹಟಕ್ಕೆ ಬಿದ್ದು, ಸ್ನಾನ ಮಾಡಿದರೆ ಐದು ಗುಂಡಿ ಅಂದೆ. ಎದ್ದು ಹೋಗಿ ಸ್ನಾನ ಮಾಡಿ ಬಂದಳು. ಐದು ಗುಂಡಿ ಕೊಟ್ಟೆ. ಅವಳು ಎಣಿಸಿ ಮೂರನ್ನು ನನ್ನ ಅಂಗೈಯಲ್ಲೇ ಇಟ್ಟು, "ಸ್ನಾನಕ್ಕ ಎರಡ ಅಲ್ಲೇನ್ರಿ?" ಅಂದಳು. ಆ ಎರಡಕ್ಕೆ, ಹಿಂದಿನ ದಿನ ಉಳಿದ ಒಂದನ್ನು ಸೇರಿಸಿ ನೇರ ಮಾವಶಿಯ ಮನೆಗೆ ಹೋದಳು.

ಅಲ್ಲಿ ಅವಳು ಮಾಡುತ್ತಿದ್ದದ್ದಾದರೂ ಏನು? ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಎಲೆ ತೆಗೆದು, ತಗಡಿನ ಅಚ್ಚು ಇಟ್ಟು, ಕತ್ತರಿಯಿಂದ ಅಳತೆಗೆ ಕತ್ತರಿಸುವುದು. ಮಾವಶಿ ಅದರಲ್ಲಿ ತಂಬಾಕು ತುಂಬಿ ಸುರುಳಿ ಸುತ್ತಿ ದಾರ ಕಟ್ಟುವುದು. ಇದಕ್ಕೆ ನನ್ನ ಹೆಂಡತಿ ಗುಂಡಿ ಕೊಟ್ಟು ಹೋಗುತ್ತಿದ್ದಳು! ಒಂದು ದಿನ ಗೋಡೆಯ ಆಚೆಯಿಂದ ಅವಳು ನಕ್ಕದ್ದು ಕೇಳಿಸಿತು. ಒಂದು ವರ್ಷದಿಂದ ಕೇಳಿರದ ನಗು. ಗೋಡೆಗೆ ಕಿವಿ ಹಚ್ಚಿದೆ. ಮಾವಶಿ ತನ್ನ ಹಳೆಯ ಮನೆಯ ಎಮ್ಮೆಯ ಕತೆ ಹೇಳುತ್ತಿದ್ದಳು, ಅಂಥ ನಗುವ ಕತೆಯೂ ಅಲ್ಲ. ತಡೆಯಲಾರದೆ ಕಡ್ಡಿಪೆಟ್ಟಿಗೆ ಕೇಳುವ ನೆಪ ಮಾಡಿ ಅವರ ಬಾಗಿಲಿಗೆ ಹೋದೆ. ನನ್ನನ್ನು ನೋಡಿದ ಕೂಡಲೇ ಹೆಂಡತಿಯ ನಗು ನಿಂತಿತು. ಕತ್ತರಿ ಮಾತ್ರ ಆಡುತ್ತಲೇ ಇತ್ತು.

ಅವತ್ತೇ ಪಟ್ಟಿಯಲ್ಲಿ ಹತ್ತನ್ನು ಹೊಡೆದುಹಾಕಿ, ನನ್ನ ಬಸ್ಸಿಗೆ ಐದು ಎಂದು ಬರೆದೆ. ಅವಳು ತಗೊಳ್ಳಲಿಲ್ಲ. ಹದಿನೈದು ದಿನ ಕಾದು ಎರಡು ಮಾಡಿದೆ. ಒಂದು ಸ್ನಾನದ ಬೆಲೆ! ಆಗಲೂ ಇಲ್ಲ. ಕೊನೆಗೆ ಎರಡನ್ನೂ ಹೊಡೆದು 'ಪುಕಟ' ಎಂದು ಬರೆದೆ. ಪಟ್ಟಿಯ ಮುಂದೆ ನಿಂತು ಅವಳು ಅದನ್ನು ಓದಿದ್ದನ್ನು ನಾನು ಅಡುಗೆ ಖೋಲಿಯಿಂದ ನೋಡಿದೆ. ಓದಿ, ಡಬ್ಬಿಯಿಂದ ಮೂರು ಗುಂಡಿ ತೆಗೆದು, ನನ್ನ ಮುಂದೆ ಇಟ್ಟು ಪಕ್ಕದ ಮನೆಗೆ ಹೋದಳು.

ಆಮೇಲೆ ನಾನು ಮಾಡಿದ್ದು ತಪ್ಪು. ತಪ್ಪೆಂದು ಮಾಡುವಾಗಲೇ ಗೊತ್ತಿತ್ತು. ಮಾವಶಿಯ ಮನೆಯ ಮುಂದಿದ್ದ ಮೂರನ್ನು ಹೊಡೆದು ಎಂಟು ಮಾಡಿದೆ.

"ಯಾಕ್ರಿ?" ಅಂದಳು.

"ಡಾಕ್ಟರ್‌ಬಾಯಿ ಹೇಳ್ಯಾರ" ಅಂದೆ.

ಅವಳು ವಾದ ಮಾಡಲಿಲ್ಲ. ನಾನಿದ್ದ ದಿನಗಳಲ್ಲೂ ಸ್ನಾನ, ಗುಳಿಗೆ, ಜಡೆ, ಒಂದೂ ತಪ್ಪದ ಹಾಗೆ ಮಾಡತೊಡಗಿದಳು. ಪಟ್ಟಿಯಲ್ಲಿಲ್ಲದ ಅಂಗಳವನ್ನೂ ಗುಡಿಸಿ, "ಇದಕ್ಕ ಒಂದು ಕೊಡ್ತೀರೇನು?" ಎಂದು ಕೈಚಾಚಿದಳು. ಯಾರಾದರೂ ನೋಡಿದ್ದರೆ ಎಷ್ಟು ಸುಧಾರಿಸಿದ್ದಾಳೆ ಅನ್ನುತ್ತಿದ್ದರು. ನನಗೆ ಮಾತ್ರ ಪ್ರತಿಯೊಂದು ಚೊಂಬು ನೀರೂ ಆ ಮುದುಕಿಗಾಗಿ ಎಂದು ಗೊತ್ತಿತ್ತು. ಎಂಟು ಗುಂಡಿ ಎಣಿಸಿ ಇಟ್ಟು ಹೋಗುವಾಗ ಅವಳ ಮುಖದಲ್ಲಿ ಎಂಥ ಆತುರ! ಮದುವೆಯಾದ ಹೊಸದರಲ್ಲೂ ನಾನು ಡ್ಯೂಟಿಯಿಂದ ಬಂದಾಗ ಆ ಆತುರ ಕಂಡ ನೆನಪಿಲ್ಲ. ಎಂಟನ್ನು ಹದಿನೈದು ಮಾಡಿದೆ.

ಈ ಸಲ ಅವಳು ಯಾಕೆ ಅನ್ನಲಿಲ್ಲ. ಪಟ್ಟಿಯನ್ನೂ ನನ್ನನ್ನೂ ನೋಡಿದಳು. ಮರುದಿನ ಡಬ್ಬಿಯನ್ನು ತಂದು ನನ್ನ ಟಿಕೆಟ್ ಪೆಟ್ಟಿಗೆಯ ಪಕ್ಕ ಇಟ್ಟು, "ಇದನ್ನ ನೀವಽ ಇಟ್ಕೋರಿ" ಅಂದಳು.

ಮೂರು ವಾರ ಎಲ್ಲೂ ಹೋಗಲಿಲ್ಲ. ನಾನಿಲ್ಲದ ದಿನ ಮಾವಶಿ ಬಂದು ಗುಂಡಿ ಚಾಚಿದರೆ ಬೇಡ ಎಂದು ತಲೆಯಾಡಿಸುತ್ತಿದ್ದಳಂತೆ. "ಪೋರಿ ನಮ್ಮ ಮನೀಗಿ ಯಾಕ ಬರವಲ್ಲಳು?" ಎಂದು ಮಾವಶಿ ಕೇಳಿದಾಗ, "ಡಾಕ್ಟರ್ ಬ್ಯಾಡ ಅಂದಾರ" ಎಂದು ಅವಳಿಗೂ ಅದೇ ಸುಳ್ಳು ಹೇಳಿದೆ. ಹೇಳಿ ಒಳಗೆ ಬಂದವನಿಗೆ ಒಂದು ಬಗೆಯ ಸಮಾಧಾನವಾಯಿತು. ಹೆಂಡತಿ ನನ್ನ ಮನೆಯಲ್ಲಿ, ನನ್ನ ಕಣ್ಣಮುಂದೆ ಇದ್ದಳಲ್ಲ. ಗೋಡೆಗೆ ಮುಖ ಮಾಡಿ ಕೂತಿದ್ದಾಳೆ ಎಂಬುದನ್ನು ನೋಡಿಯೂ ನೋಡದ ಹಾಗಿದ್ದೆ. ಗುಳಿಗೆಯನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡು ಆಮೇಲೆ ಗಟಾರಕ್ಕೆ ಉಗುಳುತ್ತಿದ್ದಳು ಎಂಬುದು ಗೊತ್ತಾದದ್ದು ತಡವಾಗಿ.

ಒಂದು ಮಧ್ಯಾಹ್ನ ಡ್ಯೂಟಿ ಮುಗಿಸಿ ಓಣಿಗೆ ಬಂದರೆ ನಳದ ಹತ್ತಿರ ಗದ್ದಲ. ಹತ್ತಾರು ಹೆಂಗಸರು ಕೊಡ ಹಿಡಿದು ನಿಂತು ಕೂಗಾಡುತ್ತಿದ್ದರು. ನನ್ನ ಹೆಂಡತಿ ತನ್ನ ಸೀರೆಯ ಸೆರಗನ್ನು ಹರಿದು ನಳದ ಬಾಯಿಗೆ ಸುತ್ತುತ್ತಿದ್ದಳು, ಗಂಟಿನ ಮೇಲೆ ಗಂಟು. ಬೆರಳು ಗೀರಿ ರಕ್ತ ಬರುತ್ತಿತ್ತು. "ಬಾಯಿ ಮುಚ್ಚಸ್ತೀನಿ ಇವರದು, ಬಾಯಿ ಮುಚ್ಚಸ್ತೀನಿ" ಎನ್ನುತ್ತಿದ್ದಳು. ಅಷ್ಟು ಜನರಲ್ಲಿ ಮಾವಶಿ ಒಬ್ಬಳೇ ಅವಳನ್ನು ಮುಟ್ಟುವಷ್ಟು ಹತ್ತಿರ ಹೋಗಿದ್ದಳು. ಎಳೆಯುತ್ತಿರಲಿಲ್ಲ. ಅವಳ ಮಣಿಕಟ್ಟಿನ ಮೇಲೆ ಕೈ ಇಟ್ಟುಕೊಂಡು, "ಹೂಂ ಬಾಳಾ, ಹೂಂ. ಆತಿನ್ನ" ಎಂದು ಮಗುವನ್ನು ಸಂತೈಸುವ ಹಾಗೆ ಹೇಳುತ್ತಾ ನಿಂತಿದ್ದಳು. ಖಾಕಿ ಬಟ್ಟೆಯಲ್ಲಿ ನಾನು ಓಡಿ ಹೋಗಿ ಕೈ ಹಿಡಿದಾಗ ಹೆಂಡತಿ ನನ್ನನ್ನು ತಳ್ಳಿ ಮಾವಶಿಯ ಬೆನ್ನ ಹಿಂದೆ ಹೋಗಿ ನಿಂತಳು. ಅಂಥ ಹೊತ್ತಿನಲ್ಲೂ ನಾನು ಮಾವಶಿಯ ಮೇಲೆ ಹೊಟ್ಟೆಕಿಚ್ಚು ಪಟ್ಟದ್ದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಮತ್ತೆ ಮಿರಜ. ಈ ಸಲ ಇಪ್ಪತ್ತು ದಿನ. ಡಾಕ್ಟರ್‌ಬಾಯಿ ಪಟ್ಟಿ ತರಲು ಹೇಳಿದರು. ಹೊಸದೊಂದನ್ನು ಬರೆದು ತೋರಿಸಬಹುದಿತ್ತು. ಯಾಕೋ ಆಗಲಿಲ್ಲ, ಗೋಡೆಯ ಮೇಲಿನದನ್ನೇ ಕಿತ್ತುಕೊಂಡು ಹೋದೆ. ಒಂದು ಸಾಲಿನಲ್ಲಿ ಮೂರು, ಎಂಟು, ಹದಿನೈದು. ಇನ್ನೊಂದರಲ್ಲಿ ಹತ್ತು, ಐದು, ಎರಡು, ಪುಕಟ. ಅವರು ಬೆರಳಿಟ್ಟು ನಿಧಾನವಾಗಿ ಓದಿದರು.

"ಇದರಾಗ ಪೇಷಂಟ್ ಯಾರು ಅಂತ ನನಗ ತಿಳೀವಲ್ದು" ಅಂದರು.

ನಾನು ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. "ಗುಂಡಿ ಅಂದ್ರ ಆಕಿ ಏಳಾಕ ಒಂದು ಕೋಲು ಅಷ್ಟ. ಎದ್ದಮ್ಯಾಲ ಎಲ್ಲಿಗೆ ಹೋಗಬೇಕು ಅನ್ನೂದು ಆಕಿಗೆ ಬಿಟ್ಟಿದ್ದು. ನೀವು ಆ ಕೋಲಿನಿಂದ ಆಕೀನ ನಿಮ್ಮ ಕಡಿ ಹೊಡಕೊಂಡು ಬರಾಕ ಹೋದ್ರಿ" ಅಂದರು. ಮೂರನ್ನು ಮತ್ತೆ ಮೂರು ಮಾಡಿ, ಸುಳ್ಳು ಹೇಳಿದ್ದೆ ಎಂದು ಅವಳಿಗೂ ಮಾವಶಿಗೂ ಬಾಯಿಬಿಟ್ಟು ಹೇಳಬೇಕೆಂದರು.

ಹೆಂಡತಿಗೆ ಹೇಳಿದಾಗ ಅವಳು ಕೇಳಿಸಿಕೊಂಡಳೋ ಇಲ್ಲವೋ ತಿಳಿಯಲಿಲ್ಲ. ಮಾವಶಿ ಮಾತ್ರ ಕೇಳಿಸಿಕೊಂಡಳು. ಎಂಟು ದಿನ ನನ್ನ ಜೊತೆ ಮಾತು ಬಿಟ್ಟಳು. ಒಂಬತ್ತನೆಯ ದಿನ ನಾನೇ ಹೋಗಿ ಅವಳ ಹೊಸ್ತಿಲ ಮೇಲೆ ಕೂತು, "ಮಾವಶಿ, ನೀವು ಆಕಿಗೆ ಏನು ಮಾಡ್ತೀರಿ? ನನಗೂ ಹೇಳ್ರಿ, ನಾನೂ ಹಂಗಽ ಮಾಡ್ತೀನಿ" ಅಂದೆ.

"ನಾ ಏನ್ ಮಾಡ್ತೀನೋ ಯಪ್ಪಾ? ಆಕಿ ಎಲಿ ಕತ್ತರಸ್ತಾಳ, ನಾ ಸುತ್ತತೀನಿ. ಮಾತು ಬಂದ್ರ ಆಡ್ತೀವಿ, ಇಲ್ಲಾಂದ್ರ ಇಲ್ಲ." ದಾರವನ್ನು ಹಲ್ಲಿನಿಂದ ಹರಿದು ಮುಂದುವರಿಸಿದಳು. "ನೀ ಆಕಿ ಮಾರಿ ನೋಡ್ಕೋತ ಕುಂದರ್ತಿ ತಮ್ಮಾ. ಆರಾಮ ಆತೋ ಇಲ್ಲೋ, ಆರಾಮ ಆತೋ ಇಲ್ಲೋ ಅಂತ. ಹಂಗ ನೋಡಿದ್ರ ಯಾರಿಗಿ ಉಸರು ಹಾಕಾಕ ಆಕ್ಕೈತಿ?"

ಮನೆಯಲ್ಲಿದ್ದ ದಿನಗಳಲ್ಲಿ ನಾನು ಮಾಡುತ್ತಿದ್ದದ್ದು ಅದನ್ನೇ. ಅವತ್ತಿನಿಂದ ಅವಳ ಮುಖ ನೋಡುವುದನ್ನು ಬಿಡಲು ಪ್ರಯತ್ನಪಟ್ಟೆ. ಸೈಕಲ್ ಒರೆಸಿದೆ, ಮಾಡಿನ ಹಂಚು ಸರಿಮಾಡಿದೆ, ಕಾಳು ಆರಿಸಿದೆ. ಸುಲಭವಾಗಿರಲಿಲ್ಲ.

ಆ ನಂತರ ಎರಡು ವರ್ಷ ಗುಂಡಿಗಳು ನಡೆದವು. ಡಾಕ್ಟರ್‌ಬಾಯಿ ಹೇಳಿದ ಪ್ರಕಾರ ಮೊದಲು ಜಡೆಗೆ ಕೊಡುವುದು ನಿಂತಿತು, ಆಮೇಲೆ ಗುಳಿಗೆಗೆ, ಕೊನೆಗೆ ಸ್ನಾನಕ್ಕೆ. ಮಾವಶಿಯ ಮನೆಗೆ ಹೋಗಲು ಗುಂಡಿ ಕೊಡುವ ನಿಯಮವನ್ನು ಮಾವಶಿಯೇ ಒಂದು ದಿನ ಕಿತ್ತುಹಾಕಿದಳು. "ನನ್ನ ಕೆಲಸಾ ಮಾಡಿಕೊಟ್ಟು ನನಗಽ ಗುಂಡಿ ಕೊಡ್ತಾಳ, ಇದೆಂಥಾ ವ್ಯಾಪಾರ" ಅಂದಳು. ಹೆಂಡತಿ ಉಳಿದ ಗುಂಡಿಗಳಲ್ಲಿ ನಾಲ್ಕನ್ನು ತನ್ನ ಕುಪ್ಪಸಕ್ಕೆ ಹೊಲಿದುಕೊಂಡಳು. ದೊಡ್ಡವಾಗಿ ಕಾಣುತ್ತಿದ್ದವು, ಆದರೂ ಹಾಕಿಕೊಂಡೇ ಓಡಾಡಿದಳು. ನನ್ನ ಬಸ್ಸಿನಲ್ಲಿ ಅಂಕಲಿಗೆ ಅವಳು ಬರಲೇ ಇಲ್ಲ. ಕೇಳುವುದನ್ನು ನಾನೂ ಬಿಟ್ಟೆ.

ದನಿಗಳು ಪೂರ್ತಿ ಹೋಗಲಿಲ್ಲ. ವರ್ಷಕ್ಕೆ ಒಂದೆರಡು ಸಲ ಹದಗೆಡುತ್ತಿತ್ತು, ಗುಳಿಗೆ ಹೆಚ್ಚಿಸಿದರೆ ತಹಬಂದಿಗೆ ಬರುತ್ತಿತ್ತು. ನನ್ನ ಹೊಟ್ಟೆಕಿಚ್ಚೂ ಹಾಗೇ ಇತ್ತು, ಒಮ್ಮೆ ಇಳಿದು ಒಮ್ಮೆ ಏರಿ. ಮಾವಶಿಗೆ ಕೆಮ್ಮು ಹಿಡಿದು ಹಾಸಿಗೆ ಹಿಡಿದಾಗ ಹೆಂಡತಿ ಮೂರು ಹೊತ್ತೂ ಗಂಜಿ ಕಾಸಿ ಒಯ್ದಳು. ಔಷಧಿ ಕುಡಿಸಿ, "ಶಾಣ್ಯಾಕಿ, ಜಾಣಿ" ಎಂದು ಮುದುಕಿಯ ಗಲ್ಲ ಸವರಿದಳು. ಅದೇ ತಿಂಗಳು ನನಗೂ ಜ್ವರ ಬಂದಿತ್ತು. ನನಗೂ ಗಂಜಿ ಸಿಕ್ಕಿತು. ಗಲ್ಲ ಸವರಲಿಲ್ಲ.

ತೊಂಬತ್ತರ ದಶಕದ ಆರಂಭದಲ್ಲಿ ನನಗೆ ಅಥಣಿಗೆ ವರ್ಗವಾಯಿತು. ಮಾವಶಿ ಅದೇ ಹೊತ್ತಿಗೆ ಇಚಲಕರಂಜಿಯ ಮಗಳ ಮನೆಗೆ ಹೊರಟಳು. ಹೋಗುವ ದಿನ ಇಬ್ಬರೂ ಅಳಲಿಲ್ಲ, ಒಬ್ಬರ ಕೈ ಒಬ್ಬರು ಹಿಡಿದು ಬಹಳ ಹೊತ್ತು ಕೂತಿದ್ದರು. ಮೇಲೆ ಮೇಲೆ ನಾನು ಮುಖ ಸಣ್ಣದು ಮಾಡಿಕೊಂಡಿದ್ದೆ. ಒಳಗೆ ಮಾತ್ರ, ಇನ್ನು ನಾವಿಬ್ಬರೇ ಎಂಬ ಸಂತೋಷ.

ಅಥಣಿಯಲ್ಲಿ ನಮ್ಮದು ಒಂದು ಜೈನರ ಮನೆಯ ಹಿಂಭಾಗ. ಎರಡು ತಿಂಗಳು ಹೆಂಡತಿ ಮಂಕಾಗಿದ್ದಳು. ಗುಳಿಗೆ ತಪ್ಪಿಸಲಿಲ್ಲ, ಸ್ನಾನವನ್ನೂ ಬಿಡಲಿಲ್ಲ, ಮಾತು ಮಾತ್ರ ಇಲ್ಲ. ಮತ್ತೆ ಡಬ್ಬಿ ತೆಗೆಯಬೇಕೇನೋ ಅಂದುಕೊಂಡೆ. ಅಷ್ಟರಲ್ಲಿ ಬೇಸಿಗೆ ಬಂತು. ಮಾಲೀಕರ ಮನೆಯ ಹೆಂಗಸರು ಶಾವಿಗೆ ಮಾಡಲು ಅಂಗಳಕ್ಕೆ ಇಳಿದರು. ಒಂದು ಬೆಳಿಗ್ಗೆ ನಾನು ಬಜಾರದಿಂದ ಬಂದರೆ ನನ್ನ ಹೆಂಡತಿ ಅವರ ನಡುವೆ ಕೂತು ಹಿಟ್ಟಿನ ಎಳೆ ಹೊಸೆಯುತ್ತಿದ್ದಳು. ಯಾರು ಕರೆದರು, ಯಾವಾಗ ಹೋದಳು, ಗೊತ್ತಿಲ್ಲ. ಮಾಲೀಕರ ಸೊಸೆ ಏನೋ ಹೇಳಿದಳು, ನನ್ನವಳು ಬಾಯಿಗೆ ಸೆರಗು ಹಿಡಿದು ನಕ್ಕಳು. ಅದೇ ಹಳೆಯ ಉರಿ ನನ್ನ ಎದೆಗೆ ಏರಿತು. ಚೀಲ ಹಿಡಿದು ಸುಮ್ಮನೆ ಒಳಗೆ ಹೋಗುವವನಿದ್ದೆ.

"ಏನ್ರಿ" ಎಂದು ಅವಳೇ ಕೂಗಿದಳು. "ಸುಮ್ನ ಯಾಕ ನಿಂತೀರಿ? ಬರ್ರಿ, ಈ ಕೋಲು ಹಿಡಕೊಂಡು ಬಿಸಲಾಗ ಇಡ್ರಿ."

ಹೊಸೆದ ಶಾವಿಗೆಯನ್ನು ಉದ್ದನೆಯ ಕೋಲಿನ ಮೇಲೆ ಇಳಿಬಿಟ್ಟಿದ್ದರು. ನಾನು ಕೋಲಿನ ಎರಡೂ ತುದಿ ಹಿಡಿದು ಜೋಪಾನವಾಗಿ ಹತ್ತು ಹೆಜ್ಜೆ ಇಟ್ಟೆ. ಹನ್ನೊಂದನೆಯದಕ್ಕೆ ಕಟ್ಟೆ ಎಡವಿ, ಅರ್ಧ ಶಾವಿಗೆ ಮಣ್ಣಿಗೆ ಬಿತ್ತು.

"ಕಣ್ಣು ಎಲ್ಲಿ ಇಟ್ಟಿದ್ರಿ?" ಹೆಂಡತಿ ಎದ್ದು ನಿಂತಿದ್ದಳು, ಕೈ ಸೊಂಟದ ಮೇಲೆ. "ಮುಂಜಾನೆಯಿಂದ ರಟ್ಟಿ ಬೀಳೂಹಂಗ ಹೊಸದೀವಿ ನಾವು. ಒಂದು ಕೋಲು ಹಿಡಕೊಂಡು ಹೋಗಾಕ ಬರೂದುಲ್ಲ ನಿಮಗ? ದಿನಾ ಅಷ್ಟು ಮಂದಿನ್ನ ಹೆಂಗ ಬಸ್ ಹತ್ತಿಸ್ತೀರೋ ದೇವರ ಬಲ್ಲ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ತಲೆ ತಗ್ಗಿಸಿ ಮಣ್ಣಾದ ಶಾವಿಗೆ ಆರಿಸುತ್ತಾ ಕೂತೆ. ಏಳೆಂಟು ವರ್ಷಗಳಲ್ಲಿ ಅವಳು ನನಗೆ ಅಷ್ಟುದ್ದ ಮಾತಾಡಿರಲಿಲ್ಲ. ಅವಳು ಬಂದು ನನ್ನ ಕೈಯಿಂದ ಕೋಲು ಕಸಿದುಕೊಂಡು, ಇನ್ನೂ ಬೈಯುತ್ತಲೇ, ಅದನ್ನು ಹೇಗೆ ಹಿಡಿಯಬೇಕೆಂದು ತೋರಿಸಿದಳು.